ಸಂದಿನಾಚೆಯ ಕಿಟಕಿ

ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟಿನಲ್ಲಿ ಮನೆ ಕಟ್ಟುವವರು ಮೊದಲು ಗಾಳಿ ಬೆಳಕು ಬೇಕೆಂದು ದೊಡ್ಡ ಕಿಟಕಿ ಇಡಿಸುತ್ತಾರೆ. ಆಮೇಲೆ ಅದಕ್ಕೆ ಗ್ರಿಲ್ಲು, ಸೊಳ್ಳೆ ಜಾಲರಿ, ಮಬ್ಬು ಗಾಜು, ದಪ್ಪ ಪರದೆ. ಕೊನೆಗೆ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟು. ಸಂದಿನಾಚೆ, ಕೈ ಚಾಚಿದರೆ ಸಿಗುವಂತೆ, ಪಕ್ಕದ ಮನೆಯ ಕಿಟಕಿ ಇರುತ್ತದಲ್ಲ! 1,200 ಚದರಡಿಯ ಸೈಟಿನಲ್ಲಿ ಪಕ್ಕಕ್ಕೆ ಬಿಡಬೇಕಾದ ಜಾಗ ಪ್ಲಾನಿನಲ್ಲಿ ಇದ್ದೇ ಇರುತ್ತದೆ. ಮೇಸ್ತ್ರಿ ದಾರ ಹಿಡಿಯುವ ಹೊತ್ತಿಗೆ ಅರ್ಧ ಕರಗಿ, ಸಜ್ಜಾ ಇಳಿಸುವಾಗ ಉಳಿದರ್ಧವೂ ಹೋಗುತ್ತದೆ.

ನಮ್ಮ ಅಡುಗೆಮನೆಗೆ ಎದುರಾಗಿರುವುದೂ ಅಡುಗೆಮನೆಯೇ. ಆಚೆಯ ಕುಕ್ಕರ್ ಮೂರನೇ ಸೀಟಿ ಹಾಕಿದಾಗ ಅಮ್ಮ ನಮ್ಮ ಸ್ಟವ್ ಆರಿಸಿ, ಅರೆಬೆಂದ ಬೇಳೆಯ ಸಾರು ಬಡಿಸಿದ್ದುಂಟು. ಪರದೆ ಕಣ್ಣನ್ನು ತಡೆದೀತು. ಒಗ್ಗರಣೆಯ ಘಾಟನ್ನು, ಬಾಡಿಗೆಯ ವಿಷಯಕ್ಕೆ ನಡೆಯುವ ಜಗಳವನ್ನು ತಡೆಯುವ ಬಟ್ಟೆ ಚಿಕ್ಕಪೇಟೆಯಲ್ಲೂ ಸಿಗುವುದಿಲ್ಲ.

ಕಾನೂನು ಏನನ್ನುತ್ತದೆ? 1882ರ ಈಸ್‌ಮೆಂಟ್ಸ್ ಕಾಯ್ದೆಯ ಪ್ರಕಾರ, ಕಿಟಕಿಯಿಂದ 20 ವರ್ಷ ಅಡೆತಡೆಯಿಲ್ಲದೆ ಬಂದ ಗಾಳಿ ಬೆಳಕಿನ ಮೇಲೆ ಹಕ್ಕು ಹುಟ್ಟುತ್ತದೆ. ನೆರೆಯವರ ನೋಟದಿಂದ ರಕ್ಷಣೆ ಬೇಕಿದ್ದರೆ ಊರಲ್ಲಿ ಅಂಥ ರೂಢಿ ಇರಬೇಕು. ಒಳಮನೆ ಕಾಣುವಂತೆ ಹೊಸ ಕಿಟಕಿ ತೆರೆಯಬಾರದೆಂಬ ರೂಢಿಯುಳ್ಳ ಊರೊಂದನ್ನು ಆ ಕಾಯ್ದೆಯೇ ಉದಾಹರಣೆಯಾಗಿ ಕೊಡುತ್ತದೆ. ಬೆಂಗಳೂರಿನ ಬಡಾವಣೆಗಳಲ್ಲಿ ನಾನು ಕಂಡ ರೂಢಿಯೆಂದರೆ ಪಕ್ಕದವರಿಗಿಂತ ಒಂದು ಮಹಡಿ ಹೆಚ್ಚು ಕಟ್ಟುವುದು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲೇ. ಅದು ಆಧಾರ್ ವಿಚಾರವಾಗಿ ಸರ್ಕಾರದ ವಿರುದ್ಧ ಹೂಡಿದ್ದು. ಎದುರುಮನೆ ಅಜ್ಜಿಯ ವಿರುದ್ಧ ಹೋಗುವುದಾದರೂ ಯಾವ ಪೀಠಕ್ಕೆ?

ಹಳೆಯ ತೊಟ್ಟಿಮನೆಗೆ ಈ ತಾಪತ್ರಯ ಕಡಿಮೆ. ಬೀದಿಗೆ ಗಿಡ್ಡ ಕಿಟಕಿ, ಬೆಳಕೆಲ್ಲ ನೆತ್ತಿಯ ಮೇಲಿಂದ. ವಠಾರದಲ್ಲಿ ಆ ಮರೆಯೂ ಇರಲಿಲ್ಲ. ಗೋಡೆಯೂ ನಲ್ಲಿಯೂ ಹಂಚಿಕೆಯವು. ಅಲ್ಲಿನವರು ಬಾಗಿಲು ದಾಟುವ ಮುಂಚೆ ಕೆಮ್ಮುತ್ತಿದ್ದರು. ರಾತ್ರಿಯ ರಂಪವೆಲ್ಲ ಕೇಳಿಸಿದ್ದರೂ ಬೆಳಿಗ್ಗೆ ನಲ್ಲಿಯ ಹತ್ತಿರ "ನೀರು ಬಂತೇನ್ರೀ?" ಎಂದಷ್ಟೇ ಕೇಳುತ್ತಿದ್ದರು. ಹಿಂದಿನಿಂದ ಆಡಿಕೊಳ್ಳುತ್ತಿರಲಿಲ್ಲ ಎಂದೇನೂ ಅಲ್ಲ. ಎದುರಿಗೆ ಮಾತ್ರ ಕಂಡದ್ದು ಕಾಣದ ಹಾಗೆ ಇರುತ್ತಿದ್ದರು. ಮಬ್ಬು ಗಾಜು ಬಂದ ಮೇಲೆ ಆ ನಾಜೂಕು ಯಾರಿಗೂ ಬೇಡವಾಯಿತೆಂದು ನನ್ನ ಗುಮಾನಿ.

ಈಗ ಹಿಂದಿನ ಖಾಲಿ ಸೈಟಿನಲ್ಲಿ ಪಾಯ ತೆಗೆಯುತ್ತಿದ್ದಾರೆ. ಮನೆ ಕಟ್ಟಿಸುವ ಹುಡುಗ ಸೌಜನ್ಯಕ್ಕೆಂದು ಪ್ಲಾನ್ ತೋರಿಸಲು ಬಂದ. ಅವನ ಬೆಡ್‌ರೂಮಿನ ಕಿಟಕಿ ನೇರ ನಮ್ಮ ಬಚ್ಚಲಿಗೆ.

"ಇದನ್ನ ಎರಡಡಿ ಆ ಕಡೆ ಸರಿಸಪ್ಪ," ಅಂದರು ಅಮ್ಮ.

"ವಾಸ್ತು ಪ್ರಕಾರ ಅಲ್ಲೇ ಬರ್ಬೇಕಂತೆ, ಆಂಟಿ."

"ಆಗಲಿ, ಅಲ್ಲೇ ಇಡು. ಐದೂವರೆ ಅಡಿ ಮೇಲಿಂದ ಶುರು ಮಾಡ್ಸು. ಎತ್ತರದ ಬಗ್ಗೆ ವಾಸ್ತುನವರು ಏನೂ ಹೇಳಿಲ್ಲ ತಾನೇ?"

ಹುಡುಗ ಪ್ಲಾನ್ ಸುತ್ತಿಕೊಂಡು, ಕೇಳಿಕೊಂಡು ಬರ್ತೀನಿ ಎಂದು ಹೋಗಿದ್ದಾನೆ.