ಬೇಡ ಎನ್ನುವ ಪಾಠ

ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ನನಗೆ ಜೀರ್ಣಾಂಗಗಳ ವಿಷಯ ಬಾಯಿಪಾಠವೆಂಬ ಸಣ್ಣ ಗರ್ವವಿತ್ತು. ಅದನ್ನು ಇಳಿಸಿದವನು ಆರನೇ ತರಗತಿಯ ಒಬ್ಬ ಹುಡುಗ.

ಶಾಲೆಯಲ್ಲಿ ಸರಸ್ವತಿ ಪೂಜೆ. ಸಜ್ಜಿಗೆ ಪ್ರಸಾದಕ್ಕೆ ಅವನು ಕೈಯೊಡ್ಡಲಿಲ್ಲ. "ನಂಗೆ ಗೋಧಿ ಆಗಲ್ಲ ಸಾರ್" ಎಂದ. "ಪ್ರಸಾದ ಬೇಡ ಅನ್ನಬಾರದು ಕಣೋ, ಒಂದು ಚೂರು ತಿಂದ್ರೆ ಏನಾಗುತ್ತೆ?" ಎಂದು ನಾನೇ ಅಂಗೈಗೆ ಹಾಕಿದೆ. ಮೇಷ್ಟ್ರ ಮಾತು ಮೀರಲಾರದೆ ತಿಂದ. ಎರಡು ದಿನ ಶಾಲೆಗೆ ಬರಲಿಲ್ಲ.

ಮೂರನೆಯ ದಿನ ಅವನ ತಾಯಿ ಬಂದರು. ಬೈಯಲಿಲ್ಲ. "ಇವನಿಗೆ ಸೀಲಿಯಾಕ್ ಕಾಯಿಲೆ ಸಾರ್. ಬೇಡ ಅನ್ನೋದನ್ನ ಎಷ್ಟು ಕಷ್ಟಪಟ್ಟು ಕಲಿಸಿದ್ದೆ" ಎಂದಷ್ಟೇ ಹೇಳಿದರು. ನನಗೆ ತಲೆಯೆತ್ತಲಾಗಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಚಪಾತಿ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಎಂಬ ಪ್ರೋಟೀನು ಒಳಗೆ ಹೋದರೆ, ಈ ಮಕ್ಕಳ ದೇಹದ ರಕ್ಷಣಾ ವ್ಯವಸ್ಥೆ ಸ್ವಂತ ಸಣ್ಣ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಆಹಾರ ಹೀರುವ ವಿಲ್ಲೈಗಳು ಸವೆದು ಚಪ್ಪಟೆಯಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ. ಇದು ಅಂಟುರೋಗವಲ್ಲ. ಗೋಧಿ, ಜವೆಗೋಧಿಗಳನ್ನು ಜೀವನಪೂರ್ತಿ ಬಿಡುವುದೇ ಚಿಕಿತ್ಸೆ. ಬಿಟ್ಟರೆ ಕರುಳು ಚೇತರಿಸಿಕೊಳ್ಳುತ್ತದೆ. ಗೋಧಿಯ ಕೈವಾಡವನ್ನು 1950ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟವರು ಡಚ್ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆ.

ನಮ್ಮ ಪುಣ್ಯ, ರಾಗಿ ಮುದ್ದೆ, ಜೋಳದ ರೊಟ್ಟಿ, ಅನ್ನ ಇವುಗಳಲ್ಲಿ ಗ್ಲುಟೆನ್ ಇಲ್ಲ. ಅಪಾಯವಿರುವುದು ಕಣ್ಣಿಗೆ ಕಾಣದ ಕಡೆ. ಅಂಗಡಿಯ ಇಂಗಿಗೆ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಚಪಾತಿ ಲಟ್ಟಿಸಿದ ಮಣೆ, ಪೂರಿ ಕರಿದ ಎಣ್ಣೆಯೂ ಸಾಕು. ಅಮ್ಮ ಎಲ್ಲ ಕಡೆ ಜೊತೆಗಿರಲಾರಳು. ಪೊಟ್ಟಣದ ಮೇಲೆ ಬರೆದದ್ದನ್ನು ಓದುವುದು, "ಇದಕ್ಕೆ ಏನು ಹಾಕಿದ್ದೀರಿ?" ಎಂದು ಕೇಳುವುದು, ತಪ್ಪಿ ತಿಂದರೆ ಮುಚ್ಚಿಡದೆ ಹೇಳುವುದು, ಇವನ್ನು ಮಗುವೇ ಕಲಿಯಬೇಕು. ದೊಡ್ಡವರಾದ ನಾವು ಕಲಿಯಬೇಕಾದದ್ದು ಒಂದೇ: ಒತ್ತಾಯ ಮಾಡದಿರುವುದು.

ತರಗತಿಯ ಮುಂದೆ ಅವನ ಕ್ಷಮೆ ಕೇಳಿದೆ. ಅಂದು ಕರಿಹಲಗೆಯ ಮೇಲೆ ವಿಲ್ಲೈಗಳ ಚಿತ್ರ ಬರೆದು ಪಾಠ ಹೇಳಿದವನು ಅವನೇ. ಅಲ್ಲಿಂದ ಮುಂದೆ ಸ್ನೇಹಿತರೇ ಅವನಿಗೆ ಕಾವಲು ನಿಂತರು.

ಮರುವರ್ಷದ ಪೂಜೆಗೆ ಅವನಿಗಾಗಿಯೇ ಹೆಸರುಬೇಳೆ ಕೋಸಂಬರಿ ಮಾಡಿಸಿದೆ. ಹೆಮ್ಮೆಯಿಂದ ಮುಂದೆ ಹಿಡಿದರೆ, "ಒಗ್ಗರಣೆಗೆ ಇಂಗು ಹಾಕಿದ್ದಾರಾ ಸಾರ್?" ಎಂದ. ವಿಚಾರಿಸಿದೆ, ಹಾಕಿದ್ದರು. ನಾನೇ ಮರೆತಿದ್ದೆ.

"ಹಾಗಾದ್ರೆ ಬೇಡ ಸಾರ್" ಎಂದು ನಗುತ್ತ ದೇವರ ಮುಂದಿನ ಬಾಳೆಹಣ್ಣು ತೆಗೆದುಕೊಂಡ. ಆ 'ಬೇಡ' ಕೇಳಿ ನನಗಾದಷ್ಟು ಸಂತೋಷ ಯಾವ ಪರೀಕ್ಷೆಯ ಫಲಿತಾಂಶದಿಂದಲೂ ಆಗಿಲ್ಲ.