ಅಮ್ಮಿಯ ಕೋಣೆಯ ಗೋಡೆ

ರಮಝಾನ್‌ಗೆ ಮುನ್ನ ಗುಂಡ್ಲುಪೇಟೆಯ ಮನೆಗೆ ಬಣ್ಣ ಬಳಿಸುವುದು ತಂದೆಯವರ ಕಾಲದಿಂದ ಬಂದ ರೂಢಿ. ಅವರು ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುತ್ತಿದ್ದರು. ಹಳದಿ ಛಾಯೆ ಅಡಗಿ ಗೋಡೆ ಇನ್ನಷ್ಟು ಬೆಳ್ಳಗೆ ಕಾಣುತ್ತಿತ್ತು. ಆಯ್ಕೆಯೆಂಬ ತೊಡಕೇ ಅವರಿಗಿರಲಿಲ್ಲ. ಈ ಸಲ, ನಾವು ಪಾಠ ಹೇಳುವ ಚಾಮರಾಜನಗರದಿಂದ ಶೇಡ್ ಕಾರ್ಡ್ ತಂದು, ತಾಯಿಯವರ ಕೋಣೆಗೆ ಕೆನೆಬಣ್ಣವೋ ತಿಳಿಬೂದುಬಣ್ಣವೋ ಎಂದು ಮೂರು ದಿನ ಚರ್ಚಿಸಿದೆವು. ನಮಗೆ ಕೆನೆ, ಮಗಳಿಗೆ ಬೂದು.

ಕಾರ್ಡಿನ ಬೆರಳಗಲದ ತುಣುಕನ್ನು ನಂಬಬೇಡಿರೆಂದ ಪೇಂಟರ್, ಎರಡನ್ನೂ ಎರಡೆರಡು ಅಡಿ ಗೋಡೆಗೆ ಬಳಿದು ಒಣಗಲು ಬಿಟ್ಟರು. ಅವರ ಮಾತು ನಿಜವಾಯಿತು. ಆ ಕೋಣೆಗೆ ಇರುವುದು ಉತ್ತರದ ಒಂದೇ ಕಿಟಕಿ. ಫಜ್ರ್ ನಂತರದ ಬೆಳಕಿನಲ್ಲಿ ಬೂದು ನೀಲಿಗೆ ತಿರುಗಿ ಕೋಣೆಯೇ ತಣ್ಣಗಾದಂತೆ ತೋರಿತು. ರಾತ್ರಿ ಬಲ್ಬಿನ ಕೆಳಗೆ ಕೆನೆಯು ತುಪ್ಪದ ಬಣ್ಣಕ್ಕಿಳಿಯಿತು. ಬಣ್ಣವೇ ಇಲ್ಲವೆಂದು ನಾವು ಭಾವಿಸಿದ್ದ ಇವೆರಡರೊಳಗೂ ಬೇರೊಂದು ಬಣ್ಣ ಅಡಗಿತ್ತು.

ಕೋಣೆ ಯಾರದೋ ಅವರನ್ನು ನಾವು ಕೇಳಿಯೇ ಇರಲಿಲ್ಲ. ಕರೆದು ನಿಲ್ಲಿಸಿದಾಗ ಅಮ್ಮಿ ಒಂದು ಕಣ್ಣು ಮುಚ್ಚಿ ನೋಡಿದರು, ಬಳಿಕ ಇನ್ನೊಂದನ್ನು. “ಈ ಕಣ್ಣಿಗೆ ಇದು ಬಿಳಿ, ಆ ಕಣ್ಣಿಗೆ ಅರಿಶಿನ” ಎಂದರು. ಅವರ ಬಲಗಣ್ಣಿನ ಪೊರೆ ತೆಗೆಸಿದೆ, ಎಡಗಣ್ಣಿನದು ಬಾಕಿಯಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆ. ಹೊಸ ಮಸೂರ ಕೂರಿಸಿದ ಕಣ್ಣಿಗೆ ಅದೇ ಗೋಡೆ ಬೆಳ್ಳಗೆ, ಕೊಂಚ ನೀಲಿಯಾಗಿಯೂ ಕಾಣುತ್ತದೆ. ಒಬ್ಬರ ಮುಖದಲ್ಲೇ ಎರಡು ಶೇಡ್ ಕಾರ್ಡ್!

“ಬೇಟಾ, ಬಣ್ಣ ಯಾವುದಾದರೂ ಆಗಲಿ. ಮಗ್ರಿಬ್ ಹೊತ್ತಿಗೆ ಸ್ವಿಚ್ಚು ಎಲ್ಲಿದೆ ಅಂತ ನನಗೆ ಕಾಣುತ್ತಾ?”

ನಾವು ತಲೆ ತಗ್ಗಿಸಿದೆವು. ಬಿಳಿ ಗೋಡೆಯ ಮೇಲೆ ಬಿಳಿ ಸ್ವಿಚ್‌ಬೋರ್ಡ್ ಹಾಕಿಸಿದವರು ನಾವೇ. ಕಳೆದ ವರ್ಷ ಅದನ್ನು ತಡಕುತ್ತ ಅವರು ಎಡವಿ ಮೊಣಕೈ ಊದಿಸಿಕೊಂಡಾಗಲೂ ಕತ್ತಲನ್ನಷ್ಟೇ ದೂರಿದ್ದೆವು.

ಕೆನೆ ಬಳಿದರೂ ಬೋರ್ಡ್ ಅದರಲ್ಲಿ ಕರಗಿಹೋಗುವುದು. ಕೋಣೆಯೆಲ್ಲ ಬೂದಾದರೆ ಇರುವ ಅಲ್ಪ ಬೆಳಕೂ ಕುಗ್ಗುವುದು. ಕೊನೆಗೆ ಗೋಡೆಗಳಿಗೆ ಕೆನೆ, ಬೋರ್ಡಿನ ಸುತ್ತ ಮತ್ತು ಬಾಗಿಲ ಚೌಕಟ್ಟಿಗೆ ಬೂದು, ಅದೂ ಕಾರ್ಡಿನಲ್ಲಿ ಎರಡು ಮನೆ ಕೆಳಗಿನ ಗಾಢ ಛಾಯೆ. ತೇಪೆ ಹಾಕಿದಂತಿದೆಯೆಂದು ಮಗಳು ಈಗಲೂ ಮುಖ ಸಿಂಡರಿಸುತ್ತಾಳೆ. ನಮಗೂ ಹಾಗೆಯೇ ಅನ್ನಿಸುತ್ತದೆ.

ಕಳೆದ ವಾರ ತೆರಕಣಾಂಬಿ ಮಾರ್ಗದ ಬಸ್ಸಿಳಿದು ಮನೆ ಸೇರುವಾಗ ಮಗ್ರಿಬ್ ಅಝಾನ್ ಆಗುತ್ತಿತ್ತು. ಅಮ್ಮಿಯ ಕೋಣೆಯಲ್ಲಿ ದೀಪ ಆಗಲೇ ಉರಿಯುತ್ತಿತ್ತು.