ಅಪ್ಪನ ಪದ್ಮಿನಿ

ಹಿಂದೂಪುರದಿಂದ ಮಡಕಶಿರಾ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ದಾರಿಗೆ ಒಂದು ವಿಶೇಷವಿದೆ. ಆಂಧ್ರದಲ್ಲಿ ಹೊರಟವರು ನಡುವೆ ಕರ್ನಾಟಕವನ್ನು ಹೊಕ್ಕು ಮತ್ತೆ ಆಂಧ್ರದಲ್ಲೇ ಇಳಿಯುತ್ತಾರೆ. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು, ನಮ್ಮ ಅನಂತಪುರ ಜಿಲ್ಲೆ ಆಂಧ್ರದಲ್ಲಿ ಉಳಿಯಿತು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಓದುಗರಿಗೆ ಇಂಥ ದಾರಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಈ ದಾರಿಯಲ್ಲಿ ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ ಎಷ್ಟು ಸಲ ಓಡಾಡಿದೆಯೋ ಲೆಕ್ಕವಿಲ್ಲ. ಅದನ್ನು ಮಾರಬೇಕೇ, ಇಟ್ಟುಕೊಳ್ಳಬೇಕೇ ಎಂಬುದು ಎರಡು ವರ್ಷ ನಮ್ಮ ಮನೆಯ ವ್ಯಾಜ್ಯವಾಗಿತ್ತು.

ಅಪ್ಪ ಹಿಂದೂಪುರದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದರು. 1986ರಲ್ಲಿ ಅಕ್ಕನನ್ನು ಕಲ್ಯಾಣದುರ್ಗಕ್ಕೆ ಕೊಟ್ಟ ವರ್ಷವೇ ಕಾರು ಬಂತು. ಆಗ ಹೊಸ ಕಾರೆಂದರೆ ದುಡ್ಡು ಕಟ್ಟಿ ಕಾಯಬೇಕಾದ ಕಾಲ. ಅಪ್ಪನ ಮಂಡಿಯ ಲೆಕ್ಕವೆಲ್ಲ ತೆಲುಗಿನಲ್ಲಿ, ಮನೆಯ ಲೆಕ್ಕ ಕನ್ನಡದಲ್ಲಿ. ಕಾರಿಗೆಂದೇ ಒಂದು ಉದ್ದನೆಯ ಪುಸ್ತಕ ಮಾಡಿ, ಹಾಕಿಸಿದ ಪೆಟ್ರೋಲು, ಬದಲಿಸಿದ ಟೈರು, ಹೋದ ಊರು ಎಲ್ಲವನ್ನೂ ಕನ್ನಡದಲ್ಲಿ ಬರೆದಿಡುತ್ತಿದ್ದರು. ಕಾರನ್ನು ಅವರು ಮಂಡಿಗಲ್ಲ, ಮನೆಗೆ ಸೇರಿಸಿದ್ದರು ಎಂಬುದಕ್ಕೆ ಅದೇ ಸಾಕ್ಷಿ.

ಪದ್ಮಿನಿ ಮೂಲದಲ್ಲಿ ಇಟಲಿಯ ಫಿಯೆಟ್ 1100. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಗಾಡಿಗೆ ಎಪ್ಪತ್ತರ ದಶಕದಲ್ಲಿ ಚಿತ್ತೋರಿನ ರಾಣಿಯ ಹೆಸರಿಟ್ಟರು. 1089 ಸಿ.ಸಿ. ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಮುಂದಿನ ಸೀಟಿನಲ್ಲಿ ಅಪ್ಪ, ಅಮ್ಮ, ನಡುವೆ ನಾನು ಕೂತು ಹೋದದ್ದು ಚೆನ್ನಾಗಿ ನೆನಪಿದೆ.

ನಲವತ್ತರ ಹತ್ತಿರ ಬಂದ ಕಾರಿಗೆ ಬಿಸಿಲು ತಡೆಯುವ ಶಕ್ತಿ ಕುಂದಿತು. ಅದರ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಪೈಪಿನೊಳಗಿನ ಪೆಟ್ರೋಲು ಆವಿಯಾಗಿ, ಕಾರ್ಬ್ಯುರೇಟರಿಗೆ ಏನೂ ತಲುಪದೆ ಗಾಡಿ ನಿಂತುಬಿಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಬಾನೆಟ್ ಎತ್ತಿ ಕಾಯುವುದೊಂದೇ ಮದ್ದು. ಅದಕ್ಕಾಗಿ ಒಂದು ಕೊಡ ನೀರು ಡಿಕ್ಕಿಯಲ್ಲಿ ಇದ್ದೇ ಇರುತ್ತಿತ್ತು. ಗಾಡಿಯ ನಾಡಿ ಬಲ್ಲ ಮೆಕ್ಯಾನಿಕ್ ಸಾಬರಿಗೆ ಈಗ ಕಣ್ಣು ಮಂಜು. ಅವರ ಮಗ ಕಂಪ್ಯೂಟರ್ ಜೋಡಿಸಿ ನೋಡುವ ಗಾಡಿಗಳನ್ನಷ್ಟೇ ಮುಟ್ಟುತ್ತಾನೆ. ಪದ್ಮಿನಿಯ ತಯಾರಿಕೆ ನಿಂತೇ ಕಾಲು ಶತಮಾನವಾಯಿತು. 2023ರ ಅಕ್ಟೋಬರ್‌ನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಇತ್ತ ನಮ್ಮ ಪೆನುಕೊಂಡೆಯ ಬಳಿಯ ಎರ್ರಮಂಚಿಯಲ್ಲಿ 2019ರಿಂದ ಕಿಯಾ ಕಾರ್ಖಾನೆ ಹೊಸ ಕಾರುಗಳನ್ನು ಹೊರಬಿಡುತ್ತಲೇ ಇದೆ. ಬಿಡಿಭಾಗಕ್ಕೆ ಅಲೆಯುವವನಿಗೆ ಇದು ಚೋದ್ಯವೇ ಸರಿ.

ನಾನು ಬ್ಯಾಂಕಿನ ಗುಮಾಸ್ತ. ಭಾವನೆಗೂ ಒಂದು ಲೆಜರ್ ತೆರೆದರೆ ಸಮಾಧಾನ. ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ನಮ್ಮದರ ಸರದಿ 2026ಕ್ಕೆ. 600 ರೂಪಾಯಿ ಇದ್ದ ಶುಲ್ಕ 2022ರಲ್ಲಿ 5,000 ಆಯಿತು, 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000 ಆಯಿತು. ಐವತ್ತು ವರ್ಷ ತುಂಬಿದರೆ 2021ರ ನಿಯಮದಂತೆ ವಿಂಟೇಜ್ ಎಂಬ ಗೌರವ ಉಂಟು. ಆದರೆ ಆ ಗೌರವ ಪಡೆದ ಗಾಡಿ ದಿನನಿತ್ಯ ರಸ್ತೆಗಿಳಿಯುವಂತಿಲ್ಲ. ಅದಕ್ಕೂ ಇನ್ನು ಹತ್ತು ವರ್ಷ ಬೇಕು.

ಬೆಂಗಳೂರಿನಲ್ಲಿರುವ ತಮ್ಮ, “ಅಣ್ಣಾ, ಇಲ್ಲೊಬ್ಬರು ಹಳೇ ಕಾರು ಸಾಕೋರು ಕೇಳ್ತಿದಾರೆ, ಕೊಟ್ಬಿಡೋಣ” ಎಂದು ಫೋನು ಮಾಡುತ್ತಲೇ ಇದ್ದ. ಊರಿನ ಗುಜರಿಯವನು ತೂಕದ ಲೆಕ್ಕ ಹೇಳಿಹೋಗಿದ್ದ. ನನಗೆ ಎರಡೂ ಬೇಡವಾಗಿತ್ತು. ಅಪ್ಪ ಹೋದ ಮೇಲೆ ಅವರ ಕೈಬೆವರು ಉಳಿದಿರುವುದು ಆ ಸ್ಟಿಯರಿಂಗಿನ ಮೇಲೆ ಮಾತ್ರ ಎಂಬುದು ನನ್ನ ವಾದ. ಅಕ್ಕನೂ ನನ್ನ ಕಡೆಗೇ ಇದ್ದಳು.

ವ್ಯಾಜ್ಯ ತೀರ್ಮಾನವಾದದ್ದು ಅಮ್ಮನಿಂದ. ಕಳೆದ ಬೇಸಿಗೆ ಅಕ್ಕನ ಮನೆಗೆ ಹೊರಟಿದ್ದೆವು. ಅಮ್ಮನಿಗೆ ಎಪ್ಪತ್ತೆಂಟು, ಸಕ್ಕರೆ ಕಾಯಿಲೆ ಬೇರೆ. ಪಾವಗಡ ದಾಟಿದ ಮೇಲೆ ನಡುಹಗಲಿನಲ್ಲಿ ಗಾಡಿ ನಿಂತಿತು. ಮರವೂ ಇಲ್ಲ, ಮನೆಯೂ ಇಲ್ಲ. ಕೊಡದ ನೀರು ಮುಗಿಯಿತು, ಎಂಜಿನ್ ಏಳಲಿಲ್ಲ. ಅಮ್ಮನ ಕೈ ನಡುಗತೊಡಗಿದಾಗ ಬುತ್ತಿಯಲ್ಲಿದ್ದ ಬೆಲ್ಲದ ಚೂರು ಬಾಯಿಗಿಟ್ಟೆ. ಒಂದೂವರೆ ಗಂಟೆಯ ಮೇಲೆ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ಅವಳನ್ನು ಹತ್ತಿಸಿದೆ. ಸಂಜೆ ನಾನು ಅಕ್ಕನ ಮನೆ ಸೇರಿದಾಗ ಅಮ್ಮ ನಿಧಾನವಾಗಿ ಹೇಳಿದಳು: “ನಿಮ್ಮಪ್ಪ ಕಾರು ತಂದಿದ್ದು ಮಗಳ ಮನೆಗೆ ಹೋಗೋಕೆ ನಾನು ಬಸ್ಸಿಗೆ ಕಾಯಬಾರದು ಅಂತ ಕಣೋ. ಈಗ ಕಾರಿನೊಳಗೇ ಕೂತು ಬಸ್ಸಿಗೆ ಕಾಯೋ ಹಾಗಾಯ್ತು.”

ಅಕ್ಕ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಅಪ್ಪನಿಗೆ ಹಳೆಯ ಕಾರಿನ ಮೋಹವಿರಲಿಲ್ಲ. ಅವರು ಕೊಂಡದ್ದು ಆ ಕಾಲದ ಹೊಸ ಗಾಡಿಯನ್ನು. ಅವರು ಇದ್ದಿದ್ದರೆ ನಮಗಿಂತ ಮೊದಲೇ ಮಾರುತ್ತಿದ್ದರು. ನಾವು ಉಳಿಸಬೇಕಾದದ್ದು ಅವರ ಗಾಡಿಯನ್ನೋ, ಆ ಗಾಡಿಯಿಂದ ಅವರು ಮಾಡಲು ಹೊರಟ ಕೆಲಸವನ್ನೋ ಎಂದು ಯೋಚಿಸಿದ ಮೇಲೆ ಲೆಜರ್ ಮುಚ್ಚಲು ತಡವಾಗಲಿಲ್ಲ.

ಗುಜರಿಗೆ ಹಾಕಲಿಲ್ಲ. ಬೆಂಗಳೂರಿನವರಿಗೇ ಕೊಟ್ಟೆವು. ಅವರು ಭಾನುವಾರ ಮುಂಜಾನೆ ತಂಪಿನಲ್ಲಿ ಓಡಿಸುವವರು. ಅವರನ್ನು ಯಾವ ಅಕ್ಕನೂ ಊಟಕ್ಕೆ ಕಾಯುವುದಿಲ್ಲ, ಗಾಡಿಗೂ ಅದೇ ಹಿತ. ಹಕ್ಕು ಬದಲಾವಣೆಗೆ 29, 30ನೇ ನಮೂನೆಗಳು, ರಾಜ್ಯ ಬಿಡಲು 28ನೇ ನಮೂನೆಯ ನಿರಾಕ್ಷೇಪಣಾ ಪತ್ರ. ಯಾರ ಅಪ್ಪಣೆಯೂ ಇಲ್ಲದೆ ಸಾವಿರ ಸಲ ಗಡಿ ದಾಟಿದ ಕಾರಿಗೆ, ಆಚೆ ನೆಲೆಸಬೇಕೆಂದಾಗ ಕಾಗದ ಬೇಕಾಯಿತು.

ಬಂದ ಹಣವನ್ನು ಮುಂಗಡವಾಗಿ ಕಟ್ಟಿ ಐದು ವರ್ಷ ಓಡಿದ ಒಂದು ಸಣ್ಣ ಕಾರು ತಂದಿದ್ದೇವೆ. ಕೊಂಡವರು ಅಪ್ಪನ ಪುಸ್ತಕವನ್ನೂ ಕೇಳಿದರು. ಅದನ್ನು ಮಾತ್ರ ಕೊಡಲಿಲ್ಲ. ಅದರಲ್ಲಿ ಇನ್ನೂ ಖಾಲಿ ಹಾಳೆಗಳಿವೆ. ಹೊಸ ಗಾಡಿಯ ಪೆಟ್ರೋಲ್ ಲೆಕ್ಕ ಬರೆಯುತ್ತಿದ್ದೇನೆ, ಕನ್ನಡದಲ್ಲೇ.